ಮೂರರ ಎಡಗಡೆ

ದೊಡ್ಡಪ್ಪ ಹಳೆಯ ತಾಮ್ರದ ಕಾಸುಗಳಿಗೆ ನಾಲ್ಕು ವಯಸ್ಸು ಗೊತ್ತು ಮಾಡಿದ್ದರು. ಟಂಕಸಾಲೆಯ ಹೊಳಪು ಇನ್ನೂ ಉಳಿದಿದ್ದರೆ ಅದು ಕೂಸು. ಹೊಳಪು ಹೋಗಿದ್ದರೂ ಗೆರೆಗಳೆಲ್ಲ ಚೂಪಾಗಿದ್ದರೆ ಹರೆಯ. ಜೇಬಿನಿಂದ ಜೇಬಿಗೆ ಓಡಾಡಿ ಕಾಸಿನ ಮೇಲಿನ ರಾಣಿಯ ಕೆನ್ನೆ, ಕೂದಲು ಸವೆದಿದ್ದರೆ ಸಂಸಾರಿ. ಮುಖವೇ ಅಳಿಸಿಹೋಗಿದ್ದರೆ ಮುದುಕ. ಪುಸ್ತಕಗಳಲ್ಲಿ ಇವಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆಯಂತೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಈ ನಾಲ್ಕು ಸಾಕಾಗಿದ್ದವು.

ದೊಡ್ಡಪ್ಪನ ಕಣ್ಣು ಹೋಗುತ್ತಿತ್ತು. ಡಾಕ್ಟರು ಕೈಚೆಲ್ಲಿದ್ದರು. ಮುನ್ನೂರ ಹನ್ನೆರಡು ಕಾಸುಗಳ ಪೆಟ್ಟಿಗೆಯನ್ನು ಯಾರಿಗೆ ಕೊಡುವುದೆಂದು ತೀರ್ಮಾನಿಸಲು ಆ ಭಾನುವಾರ ಇಬ್ಬರನ್ನು ಕೂರಿಸಿಕೊಂಡರು: ಅವರ ಮಗನನ್ನು ಮತ್ತು ನನ್ನನ್ನು. ಅಣ್ಣ ಕಾಲೇಜು ಮುಗಿಸಿ ಬ್ಯಾಂಕಿನಲ್ಲಿದ್ದವನು. ನಾನು ಬಸ್ ನಿಲ್ದಾಣದೆದುರು ಬೀಗದ ಕೈ ಮಾಡುವವನು. ಆ ಪೆಟ್ಟಿಗೆ ನನಗೆ ಬೇಕಿತ್ತು, ಮಾರಲಿಕ್ಕಲ್ಲ. ಒಂಬತ್ತನೇ ವಯಸ್ಸಿನಿಂದ ಪ್ರತಿ ಭಾನುವಾರ ಅದರ ಮುಂದೆ ಕೂತವನು ನಾನು. ಅಣ್ಣ ಒಂದು ದಿನವೂ ಕೂತವನಲ್ಲ. ಈಗ ಹೊಸ ಭೂತಗನ್ನಡಿ, ಬೆಲೆಪಟ್ಟಿಯ ದಪ್ಪ ಪುಸ್ತಕ ಹಿಡಿದುಕೊಂಡು ಬಂದಿದ್ದ. ಅವನನ್ನು ನೋಡಿದ ಕೂಡಲೇ ಮೈಯೆಲ್ಲ ಉರಿದುಹೋಯಿತು.

ದೊಡ್ಡಪ್ಪ ಟವೆಲಿನ ಮೇಲೆ ಐದು ಕಾಸು ಇಟ್ಟರು. "ವಯಸ್ಸು ಹೇಳಿ, ಬೆಲೆ ಹೇಳಿ."

ಮೊದಲನೆಯದು ಫಳಫಳ ಹೊಳೆಯುತ್ತಿತ್ತು.

"ಕೂಸು," ಎಂದ ಅಣ್ಣ.

"ಕೂಸಂತೆ! ಮುದುಕನಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಾರೆ. ಮೂಗೆಲ್ಲಿದೆ ತೋರ್ಸು ನೋಡೋಣ," ಎಂದೆ.

ಒಳಗಿನಿಂದ ದೊಡ್ಡಮ್ಮ ಕೂಗಿದರು. "ಅವನ ಮೂಗಿನ ಮೇಲಿರೋ ಕೋಪ ತೂಕಕ್ಕೆ ಹಾಕಿದ್ರೆ ಪೆಟ್ಟಿಗೇಗಿಂತ ಜಾಸ್ತಿ ಬರುತ್ತೆ ಕಣ್ರೀ!"

ದೊಡ್ಡಪ್ಪ ನಕ್ಕರು. ಮುಂದಿನ ಮೂರರಲ್ಲಿ ವಯಸ್ಸುಗಳನ್ನು ನಾನು ಸರಿ ಹೇಳಿದೆ, ಬೆಲೆಗಳನ್ನು ಅಣ್ಣ ಪುಸ್ತಕ ನೋಡಿ ಹೇಳಿದ.

ಐದನೆಯದು ಹತ್ತಿಯಲ್ಲಿ ಸುತ್ತಿಟ್ಟ ಕಾಸು. ದೊಡ್ಡಪ್ಪ ಸೈಕಲ್ ಮಾರಿ ತಂದದ್ದು. ಅದಾದ ಮೇಲೆ ಎರಡು ವರ್ಷ ಕಚೇರಿಗೆ ನಡೆದೇ ಹೋಗಿದ್ದರಂತೆ. ಇದರ ಹಾಗೆ ಇಸವಿಯ ಕೊನೆಗೆ ಮೂರು ಇರುವ ಕಾಸು ಬಹಳ ಕಡಿಮೆ, ಎಂಟು ಇರುವುದು ಬೇಕಾದಷ್ಟು. ಅಲ್ಲಿಯವರೆಗೆ ಅದನ್ನು ಯಾರ ಕೈಗೂ ಕೊಟ್ಟಿರಲಿಲ್ಲ.

"ಸಂಸಾರಿ," ಎಂದ ಅಣ್ಣ. ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ನೋಡಿದ. "ಆದ್ರೂ ಹೊಸ ಸ್ಕೂಟರ್ ಬರುತ್ತಪ್ಪಾ ಇದಕ್ಕೆ."

ದೊಡ್ಡಪ್ಪನ ಮುಖ ಅರಳಿತು. ನಾನು ಕಾಸನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಹಳೆಯ ಬೀಗದ ಕೈಗೆ ಒಂದೇ ಒಂದು ಹೊಸ ಹಲ್ಲು ಕಡಿದರೆ ಹೇಗೆ ಕಾಣುತ್ತದೆಂದು ನನಗೆ ಗೊತ್ತು. ಉಳಿದ ಹಲ್ಲುಗಳ ಅಂಚು ದುಂಡಗಾಗಿರುತ್ತದೆ, ಅದೊಂದು ಮಾತ್ರ ಚುಚ್ಚುತ್ತದೆ. ಇಲ್ಲಿ ಮೊದಲ ಮೂರು ಅಂಕಿಗಳು ರಾಣಿಯ ಕೆನ್ನೆಯ ಹಾಗೆ ಸವೆದಿದ್ದವು. ಕೊನೆಯ ಮೂರರ ಎಡಗಡೆಯ ತುದಿಗಳು ಮಾತ್ರ ಚೂಪಾಗಿದ್ದವು.

ಬಾಯಿ ಮುಚ್ಚಿಕೊಂಡು ಸಂಸಾರಿ ಎಂದಿದ್ದರೆ ಆಗುತ್ತಿತ್ತು. ಬೆಲೆಪಟ್ಟಿ ಹಿಡಿದ ಆ ಕೈ ಕಂಡು ತಡೆಯಲಾಗಲಿಲ್ಲ.

"ಮೂರು ಅಂಕಿ ಸಂಸಾರಿ, ನಾಲ್ಕನೇದು ಕೂಸು. ಇವು ಒಂದೇ ಮನೇಲಿ ಹುಟ್ಟಿದ್ದಲ್ಲ ದೊಡ್ಡಪ್ಪಾ. ಎಂಟರ ಎಡಗಡೆ ಕೆರೆದು ಮೂರು ಮಾಡಿದ್ದಾರೆ."

"ಬೀಗದ ಕೈ ಮಾಡೋನಿಗೆ ಎಲ್ಲಾ ಕಳ್ಳರ ಕೆಲಸಾನೇ ಕಾಣ್ಸೋದು," ಎಂದ ಅಣ್ಣ.

"ಉಗುರಿಟ್ಟು ನೋಡಿ," ಎಂದೆ ದೊಡ್ಡಪ್ಪನಿಗೆ. ಅವರ ಬೆರಳು ಹಿಡಿದು ಅಂಕಿಯ ಪಕ್ಕಕ್ಕೆ ಒಯ್ದೆ. ಉಗುರು ನಯವಾಗಿ ಸರಿಯಿತು. ಮೂರರ ಎಡಗಡೆ ಬಂದಾಗ ಸಣ್ಣ ತಗ್ಗಿಗೆ ಸಿಕ್ಕಿ ನಿಂತಿತು. ಮತ್ತೆ ಸರಿಸಿದರು. ಮತ್ತೆ ಅಲ್ಲೇ ನಿಂತಿತು.

"ಎಷ್ಟು ಹೊತ್ತಿಗೆ ಕಂಡಿತು ನಿಂಗೆ?"

"ಕೈಗೆ ತಗೊಂಡ ಕೂಡ್ಲೇ."

"ಮೂವತ್ತು ವರ್ಷ," ಎಂದರು ದೊಡ್ಡಪ್ಪ. "ಕಣ್ಣು ಚೆನ್ನಾಗಿದ್ದಾಗ್ಲೂ ನೋಡಿದ್ದೆ, ಕಂಡಿರ್ಲಿಲ್ಲ."

ಆಗ ನನ್ನ ನಾಲಿಗೆಗೆ ಬರೆ ಹಾಕಿಕೊಳ್ಳಬೇಕೆನಿಸಿತು. ಅಣ್ಣ ಸಮಾಧಾನಕ್ಕೆಂದೇ ಹೇಳಿದ: "ಹೋಗ್ಲಿ ಬಿಡಪ್ಪಾ. ನಾವು ಮೂರು ಜನ ಸುಮ್ನಿದ್ರೆ ಯಾರಿಗೆ ಗೊತ್ತಾಗುತ್ತೆ? ಪುಸ್ತಕದಲ್ಲಂತೂ ಬೆಲೆ ಇದೆ."

ದೊಡ್ಡಪ್ಪ ಮಗನ ಕಡೆ ಮುಖ ತಿರುಗಿಸಿದರು. ಬೈಯಲಿಲ್ಲ. "ಬೀರುವಿನಿಂದ ಪೆಟ್ಟಿಗೆ ತಂದು ಇವನ ಮುಂದೆ ಇಡು. ಇನ್ಮೇಲೆ ಅದು ಇವನದ್ದು," ಎಂದರು.

ಅಣ್ಣ ತಂದಿಟ್ಟ. ಪುಸ್ತಕ ಬಗಲಲ್ಲಿಟ್ಟುಕೊಂಡು ದೊಡ್ಡಮ್ಮನ ಹತ್ತಿರ ಒಳಗೆ ಹೋದ. ನಾನು ಗೆದ್ದಿದ್ದೆ. ಎದ್ದು ಪೆಟ್ಟಿಗೆಗೆ ಕೈ ಹಾಕಿದೆ.

"ಎಲ್ಲಿಗೆ? ಕೂತ್ಕೋ," ಎಂದರು ದೊಡ್ಡಪ್ಪ. "ನಿಂದು ಅಂದ ಮೇಲೆ ಒಳಗೇನಿದೆ ನಿಂಗೆ ಗೊತ್ತಿರ್ಬೇಕಲ್ಲ. ಒಂದೊಂದೇ ತೆಗಿ. ಅಂಕಿ ನೋಡು. ಸುಳ್ಳಿದ್ರೆ ನಂಗೆ ಹೇಳು, ಮುಚ್ಚಿಡ್ಬೇಡ."

ಮೊದಲ ಟ್ರೇ ತೆಗೆದೆ. ಒಂದೊಂದನ್ನೇ ಬೆಳಕಿಗೆ ಹಿಡಿದು, ಇಸವಿ ಓದಿ, "ಸರಿಯಿದೆ" ಎನ್ನುತ್ತಾ ಹೋದೆ. ದೊಡ್ಡಪ್ಪ ಪ್ರತಿ ಸಲವೂ ತಲೆಯಾಡಿಸುತ್ತಿದ್ದರು. ಎರಡನೇ ಟ್ರೇ ಮುಗಿಯುವ ಹೊತ್ತಿಗೆ, ಇನ್ನೊಂದು ಸಿಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಮೂರನೇ ಟ್ರೇಯ ಮೊದಲ ಸಾಲಿನಲ್ಲೇ ಸಿಕ್ಕಿತು. ಯಾರೋ ಎಂಟನ್ನು ಕೆರೆದು ಆರು ಮಾಡಿದ್ದರು.

ದೊಡ್ಡಪ್ಪ ಕಾಯುತ್ತಿದ್ದರು.

"ಇದೂ ಅಷ್ಟೇ ದೊಡ್ಡಪ್ಪಾ," ಎಂದೆ.

"ಬೇರೆ ಇಡು," ಎಂದರು. "ಮುಂದಿಂದು?"