ಕೇಳದವರ ಕೊಸರು

ನನಗೆ ಅಂಗಡಿಯಲ್ಲಿ ಕೊಸರು ಕೇಳಲು ಬರುವುದಿಲ್ಲ. ಇದನ್ನು ದಿನಚರಿಯ ವಹಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿಲ್ಲ. ತೂಕ ಮುಗಿದ ಮೇಲೆ ಅಂಗಡಿಯವನು ಮೇಲಷ್ಟು ಹಾಕುವ ಆ ಒಂದು ಹಿಡಿಗಾಗಿ ಹೆಂಗಸರೆಲ್ಲ ಚೀಲದ ಬಾಯಿ ತೆರೆದೇ ಹಿಡಿದಿರುತ್ತಾರೆ. ನಾನು ಮಾತ್ರ ತಕ್ಕಡಿ ಇಳಿಯುವ ಮೊದಲೇ ಬಾಯಿ ಕಟ್ಟಿಬಿಡುತ್ತೇನೆ. ಚೀಲದ್ದೂ, ನನ್ನದೂ. ಕಿರಾಣಿ ಅಂಗಡಿಯವರ ಮಗಳು, ಮೇಲೆ ಬಿ.ಎ. ಪಾಸಾದವಳು! ಗೊತ್ತಾದರೆ ಜನ ನಕ್ಕಾರು.

ಗಾಂಧಿ ಚೌಕದಲ್ಲಿ ಅಪ್ಪನ ಅಂಗಡಿ. ತಿಕೋಟಾದಲ್ಲೊಂದು, ಬಬಲೇಶ್ವರದಲ್ಲೊಂದು ಶಾಖೆ. ಹೋದ ವರ್ಷ, ಅರವತ್ತೆರಡರ ದೀಪಾವಳಿಗೆ, ಜನಹಿತ ಸಹಕಾರಿ ಭಂಡಾರ ನಮ್ಮ ಎದುರಿಗೇ ಬಾಗಿಲು ತೆರೆಯಿತು. ಆರು ತಿಂಗಳಲ್ಲಿ ಆ ಎರಡೂ ಊರುಗಳಿಗೆ ಹೋಯಿತು. ಅವರ ಪ್ರಚಾರವೆಂದರೆ ಒಂದು ಕರಿ ಹಲಗೆ. ಅದರ ಮೇಲೆ ದಿನದ ಬೆಲೆ, ಕೆಳಗೆ "ಎಲ್ಲರಿಗೂ ಒಂದೇ ದರ, ಕೊಸರಿಲ್ಲ" ಎಂಬ ಸಾಲು. ನಮ್ಮ ಪ್ರಚಾರಕ್ಕೆ ಅಲ್ಲಾಉದ್ದೀನ ಕಾಕಾ ಇದ್ದಾರೆ. ಊರೊಳಗೆ ಟಾಂಗಾದಲ್ಲಿ ಕುಳಿತು, ಸಂತೆಯ ದಿನ ಹಳ್ಳಿಗೆ ಬಸ್ಸಿನಲ್ಲಿ ಹೋಗಿ, ತಗಡಿನ ಭೋಂಗಾದಲ್ಲಿ ಕೂಗುತ್ತಾರೆ: "ತೂಕಕ್ಕ ತೂಕ, ಮ್ಯಾಲ ಕೊಸರು! ಶಿವಶರಣಪ್ಪನವರ ಅಂಗಡಿಗೆ ಬರ್ರೀ!"

ಆದರೂ ಗಿರಾಕಿ ಒಬ್ಬೊಬ್ಬರೇ ಎದುರು ಮೆಟ್ಟಿಲು ಹತ್ತತೊಡಗಿದರು. ಅಪ್ಪ ನನ್ನನ್ನು ಕರೆದರು.

"ಸಾವಂತ್ರೀ, ನಾಕ ವರ್ಷ ನೀ ಧಾರವಾಡದಾಗಿದ್ದಿ. ಶಾಖಾದಾಗ ನಿನ್ನ ಮಾರಿ ಯಾರಿಗೂ ಗೊತ್ತಿಲ್ಲ. ನಮ್ಮಲ್ಲೂ ಅವರಲ್ಲೂ ಮಾಲು ತಗೊಂಬಾ. ತೂಗಿ, ಕುದಿಸಿ ನೋಡಿ, ಇದ್ದದ್ದು ಇದ್ದಂಗ ಬರಿ. ಕೆಳಗ ನಿನ್ನ ಹೆಸರು ಬಿ.ಎ. ಅಂತ ಹಾಕಿ ಛಾಪಿಸಿ ಹಂಚ್ತೀನಿ."

"ನನ್ನ ಹೆಸರ್ಯಾಕ್ರಿ ಅಪ್ಪಾ?"

"ನನ್ನ ಹೆಸರು ಯಾರು ನಂಬ್ತಾರ? ದ್ರಾಕ್ಷಿ ಮಾರಾವ ತನ್ನ ದ್ರಾಕ್ಷಿ ಹುಳಿ ಅಂದದ್ದು ಕೇಳಿಯೇನು? ನೀ ಸುಳ್ಳಾಡಾಕಿ ಅಲ್ಲಂತ ಓಣಿಗೆಲ್ಲಾ ಗೊತ್ತೈತಿ. ಮಾತಾ ಆಡಂಗಿಲ್ಲ, ಸುಳ್ಳೆಲ್ಲಿಂದ ಆಡ್ತಿ?"

ನಾನು ನಕ್ಕೆ. ಆದರೆ ನನ್ನ ಹೆಸರು ಊರ ಕೈಗೆ ಹೋಗುತ್ತದೆ ಎಂದು ಆ ರಾತ್ರಿ ವಹಿಯಲ್ಲಿ ಬರೆದುಕೊಂಡೆ.

ಮೊದಲು ತಿಕೋಟಾ. ಭಂಡಾರದಲ್ಲಿ ಒಂದು ಕಿಲೋ ತೊಗರಿಬೇಳೆಗೆ ಎಂಬತ್ನಾಲ್ಕು ಪೈಸೆ. ಕೊಟ್ಟೆ, ಕಟ್ಟಿಕೊಂಡೆ. ಮಾತಿನ ಅಗತ್ಯವೇ ಬೀಳಲಿಲ್ಲ, ಅದೇ ಒಂದು ಸುಖ. ನಮ್ಮ ಅಂಗಡಿಯಲ್ಲಿ ಅದಕ್ಕೆ ಎಂಬತ್ತೆಂಟು. ಅಲ್ಲಿ ನಮ್ಮವ್ವನ ಬಾಲ್ಯದ ಗೆಳತಿ, ಹೊನವಾಡದ ಗುರುಬಸವ್ವ, ಸಿಕ್ಕಳು. ನಾನು ಕಣ್ಸನ್ನೆ ಮಾಡಿದೆ. ಅವಳು ನನ್ನ ಗುರುತೇ ಇಲ್ಲದವಳಂತೆ ನಿಂತು ತಾನೂ ಒಂದು ಕಿಲೋ ಬೇಳೆ ತೂಗಿಸಿದಳು. ಅಂಗಡಿ ನೋಡಿಕೊಳ್ಳುವ ಜಂಗಮರ ಬಸಲಿಂಗಯ್ಯ ಒಂದು ಹಿಡಿ ಮೇಲೆ ಹಾಕಿದ. ಗುರುಬಸವ್ವ ಬಿಡಲಿಲ್ಲ.

"ಏನ್ರಿ ಅಯ್ಯಾರ, ಭಿಕ್ಷಾಕ್ಕ ಬರೂವಾಗ ಜೋಳಿಗಿ ದೊಡ್ಡದು, ಕೊಡೂವಾಗ ಹಿಡಿ ಸಣ್ಣದೇನ್ರಿ?"

"ನಿನ್ನ ಬಾಯಿಗೆ ಇಡೀ ಚೀಲ ಸುರುವಿದ್ರೂ ಕಡಿಮಿ ಬಿಡವಾ," ಎಂದು ಬಸಲಿಂಗಯ್ಯ ನಗುತ್ತ ಇನ್ನೊಂದು ಹಿಡಿ ಹಾಕಿದ. ನಂತರ ನನ್ನ ಸರದಿ. ತಕ್ಕಡಿ ಇಳಿಯಿತು. ಅವನು ನನ್ನನ್ನು ನೋಡಿದ, ನಾನು ಚೀಲ ನೋಡಿದೆ. ಅಷ್ಟೇ.

ಹೊರಗೆ ಗುರುಬಸವ್ವ ತನ್ನ ಚೀಲ ನನಗೆ ಕೊಟ್ಟು ನನ್ನದನ್ನು ಇಸಿದುಕೊಂಡಳು. "ತೂಗಿ ನೋಡ ಹೋಗು. ಬಾಯಿ ಇಲ್ಲದಾಕಿ ಸಂತಿಗೆ ಹೋದರ ಚೀಲಾನೂ ಮೂಗಬಸವ ಆಗತೈತಿ!"

ಮರುದಿನ ಬಬಲೇಶ್ವರಕ್ಕೆ ಹೋದೆ. ನಮ್ಮ ಅಂಗಡಿಯಲ್ಲಿ ನನ್ನ ಮುಂದೆ ಕಂಬಳಿ ಹೊದ್ದ ಕುರುಬರ ಹೆಂಗಸೊಬ್ಬಳಿದ್ದಳು. ಒಂದು ಕಿಲೋ ಬೇಳೆಯನ್ನು ಸೆರಗಿಗೆ ಹಾಕಿಸಿಕೊಂಡಳು. ಹಾಕಿಸಿಕೊಂಡ ಮೇಲೂ ಗಂಟು ಕಟ್ಟಲಿಲ್ಲ, ಸೆರಗು ಹಾಗೇ ಹಿಡಿದು ನಿಂತಳು. ಅಂಗಡಿಯ ಶಾಂತಪ್ಪ ತಲೆ ಎತ್ತಿದ.

"ಮತ್ತೇನ ಬೇಕು?"

"ಏನಿಲ್ಲರಿ."

ಗಂಟು ಕಟ್ಟಿದಳು, ಹೋದಳು. ನಾನು ನನ್ನ ಬೇಳೆ ಕೊಂಡು, ನಂತರ ಭಂಡಾರಕ್ಕೂ ಹೋಗಿ ಬಂದೆ. ಬಸ್ಸಿಗೆ ಕಾಯುವ ಬೇವಿನ ಮರದ ಕೆಳಗೆ ಅವಳೇ ಕುಳಿತಿದ್ದಳು. ಹೆಸರು ಮಲಕವ್ವ ಎಂದಳು. ಎಂದೂ ಹೊಸಬರನ್ನು ಮಾತಾಡಿಸದ ನಾನು ಕೇಳಿದೆ, ಮೆಲ್ಲಗೆ.

"ಎದುರಿಗೆ ಭಂಡಾರದಾಗ ನಾಕ ಪೈಸೆ ಕಡಿಮಿ ಐತಲ್ಲಾ. ಇಲ್ಲಿಗ್ಯಾಕ ಬಂದ್ರಿ?"

"ಹೌದೇನ? ಹಲಗಿ ಓದಾಕ ನಮಗೆಲ್ಲಿ ಬರ್ತೈತವಾ. ಸಂತ್ಯಾಗ ಭೋಂಗಾದಾವ ಕೂಗಿದ, ಮ್ಯಾಲ ಕೊಸರು ಅಂತ. ಕಿವಿಗೆ ಬಿತ್ತು, ಬಂದೆ."

"ಕೊಟ್ಟರೇನು?"

"ಕೊಡ್ತಾನೇನೋ ಅಂತ ನಿಂತಿದ್ದೆ." ಸೆರಗಿನ ಗಂಟನ್ನು ಒಮ್ಮೆ ಒತ್ತಿದಳು. "ಅದು ಪರಿಚಯ ಇದ್ದವರು ಕೇಳೂದು ಬಿಡವಾ. ಕುರಿ ಹಿಂದ ತಿರಗೋರು ನಾವು, ಹೆಂಗ ಕೇಳೂದು?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ತೆರೆದ ಸೆರಗೇ ಕಣ್ಣ ಮುಂದೆ. ಇಷ್ಟು ದಿನ ಕೊಸರು ಕೇಳದಿರುವುದು ನನ್ನ ಸಂಕೋಚ, ನನ್ನೊಬ್ಬಳ ದೋಷ ಎಂದುಕೊಂಡಿದ್ದೆ. ವಹಿಯಲ್ಲಿ ಎಷ್ಟು ಪುಟ ಅದನ್ನೇ ಬರೆದು ನನ್ನನ್ನೇ ಬೈದುಕೊಂಡಿದ್ದೆ! ಅದೇ ಸಾಲಿನಲ್ಲಿ ಇನ್ನೂ ಯಾರಾದರೂ ನಿಂತಿರಬಹುದೆಂದು ನನಗೆ ಹೊಳೆದಿರಲಿಲ್ಲ.

ಮನೆಯಲ್ಲಿ ತೂಗಿದೆವು. ಭಂಡಾರದ ಎರಡೂ ಪೊಟ್ಟಣ ಸರಿಯಾಗಿ ಒಂದು ಕಿಲೋ. ಬಬಲೇಶ್ವರದಲ್ಲಿ ನಾನು ತಂದ ನಮ್ಮ ಬೇಳೆಯೂ ಅಷ್ಟೇ. ಗುರುಬಸವ್ವನ ಚೀಲ ಮಾತ್ರ ಒಂದು ಕಿಲೋದ ಮೇಲೆ ಎಪ್ಪತ್ತು ಗ್ರಾಂ. ಕುದಿಸಿದಾಗ ನಮ್ಮ ಬೇಳೆ ಬೇಗ ಬೆಂದು ಬೆಣ್ಣೆಯಂತಾಯಿತು. ಭಂಡಾರದ್ದು ಬೇಯಲು ಹೊತ್ತು ಹಿಡಿಯಿತು, ಆರಿಸುವಾಗ ನಾಲ್ಕು ಹರಳೂ ಸಿಕ್ಕವು. ಅಪ್ಪ ಖರೀದಿಯಲ್ಲಿ ಎಂದೂ ಕೈ ಬಿಗಿಹಿಡಿದವರಲ್ಲ. ಅದನ್ನು ಬರೆಯುವಾಗ ನನಗೆ ಹೆಮ್ಮೆಯೇ ಆಯಿತು.

ಅಪ್ಪ ಗುರುಬಸವ್ವನ ಚೀಲವನ್ನೇ ನೋಡುತ್ತ ಬೆರಳು ಮಡಚಿದರು. "ಎಪ್ಪತ್ತು ಗ್ರಾಂ ಹಿಡಿದರ ನಮ್ಮ ಕಿಲೋ ಎಂಬತ್ತೆರಡಕ್ಕ ಬಿತ್ತು! ಭಂಡಾರಕ್ಕಿಂತ ನಾವ ಅಗ್ಗ! ಬರಿ: ಪ್ರತಿಯೊಬ್ಬ ಗಿರಾಕಿಗೂ ಕೊಸರು, ಲೆಕ್ಕ ಹಾಕಿ ನೋಡಿರಿ."

ಉಳಿದ ಚೀಲಗಳತ್ತ ಅವರ ಕಣ್ಣು ಹೋಗಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗೆ ಕೇಳಿದವರ ಮುಖ ನೆನಪಿರುತ್ತದೆ, ಕೇಳದೆ ಹೋದವರ ಬೆನ್ನು ನೆನಪಿರುವುದಿಲ್ಲ. ಅವರು ಹೇಳಿದಂತೆಯೇ ಬರೆದೆ. ಬಾಯಿ ಬಾರದಿದ್ದರೂ ಕೈ ವಿಧೇಯ.

ಅಲ್ಲಾಉದ್ದೀನ ಕಾಕಾ ಕಾಗದವನ್ನು ಛಾಪಖಾನೆಗೆ ಒಯ್ಯಲು ಬಂದು ಕಟ್ಟೆಯ ಮೇಲೆ ಕುಳಿತರು. "ಒಮ್ಮೆ ಓದಿಬಿಡವಾ ತಂಗಿ. ನನಗೂ ಬಾಯಿಪಾಠ ಆಗಲಿ. ಊರ ತುಂಬ ಒದರಾಂವ ನಾನ ಅಲ್ಲೇನು?"

ಓದಿದೆ. ಬೆಲೆ ಓದಿದೆ, ಬೇಳೆ ಬೆಂದದ್ದು ಓದಿದೆ. "ಪ್ರತಿಯೊಬ್ಬ ಗಿರಾಕಿಗೂ" ಎಂಬಲ್ಲಿ ದನಿ ನಿಂತಿತು. ಅದರ ಕೆಳಗೇ ನನ್ನ ಹೆಸರು.

"ಯಾಕ ನಿಂತಿ?" ಎಂದರು ಅಪ್ಪ. "ನಿನ್ನ ಅಕ್ಷರ ನಿನಗ ತಿಳಿವಲ್ದೇನು?"

ಕಾಕಾ ನಕ್ಕರು. ನಾನು ತಲೆ ಎತ್ತಿದೆ. ದನಿ ನನಗೇ ಗುರುತು ಸಿಗದಷ್ಟು ಗಟ್ಟಿಯಾಗಿ ಬಂತು.

"ಅಪ್ಪಾ, ನಮ್ಮ ಅಂಗಡ್ಯಾಗ ಕೊಸರು ಕೇಳಿದವರಿಗೆ ಅಷ್ಟ. ಕೇಳಾಕ ಬಾರದವರ ಕಡಿಂದ ನಾಕ ಪೈಸೆ ಹೆಚ್ಚಿಗಿ ತಗೊಂಡು, ಕೇಳಿದವರ ಚೀಲಾ ತುಂಬ್ಸಾಕತ್ತೇವಿ."