ಮನೇಲಿದ್ದವಳ ಕೆಮ್ಮು

“ಇದೇನು ನಿಮ್ಮಪ್ಪ ಕಟ್ಟಿಸಿದ ಛತ್ರಾನಾ, ಹೆಂಡ್ತೀನೆಲ್ಲ ಎಳ್ಕೊಂಡು ಬರೋಕೆ?” ಕಾರ್ಖಾನೆಯ ಡಾಕ್ಟರು ಕುರ್ಚಿಯಿಂದ ಏಳದೆಯೇ ಗದರಿದ. “ನಿಂಗಾದ್ರೆ ವರ್ಷಕ್ಕೊಂದ್ಸಲ ಎದೆ ಫೋಟೋ ತೆಗಿಸ್ತೀವಿ. ಇವ್ಳೇನು ಇಲ್ಲಿ ಶೀಟ್ ಕೊಯ್ತಾಳಾ?”

ಗರಗಸದವನು ಬಾಗಿಲಲ್ಲೇ ಕೈಕಟ್ಟಿ ನಿಂತ. ಛಾವಣಿಗೆ ಹಾಕುವ ಕಲ್ನಾರು ಶೀಟುಗಳನ್ನು, ಅಂದರೆ ಆಸ್ಬೆಸ್ಟಾಸ್ ಶೀಟುಗಳನ್ನು, ಅಳತೆಗೆ ಕೊಯ್ಯುವುದು ಅವನ ಕೆಲಸ. ಪಕ್ಕದಲ್ಲಿ ಅವನ ಹೆಂಡತಿ ಮೆಟ್ಟಿಲು ಹತ್ತಿದ ಸುಸ್ತಿಗೆ ಗೋಡೆಗೊರಗಿ ಬಾಯಲ್ಲಿ ಉಸಿರಾಡುತ್ತಿದ್ದಳು.

“ಕೆಮ್ಮು ನಿಲ್ತಾನೇ ಇಲ್ಲ ಸಾರ್. ಒಂದು ಕೊಡ ನೀರು ಎತ್ತಿದ್ರೆ ಏದುಸ್ರು ಬರುತ್ತೆ.”

“ಮುಟ್ಟು ನಿಲ್ಲೋ ವಯಸ್ಸು. ಆಗ ಹೆಂಗಸ್ರಿಗೆ ಉಸ್ರೂ ಕಟ್ಟುತ್ತೆ, ತಲೇನೂ ಕೆಡುತ್ತೆ. ಕಬ್ಬಿಣದ ಮಾತ್ರೆ ನುಂಗ್ಸು. ಮನೇಲಿ ಕೂತು ತಿನ್ನೋರಿಗೆ ಇದೆಲ್ಲ ಇದ್ದದ್ದೇ.”

ಮನೇಲಿ ಕೂತು ತಿನ್ನುವವಳು ಮೆಟ್ಟಿಲಿಳಿದಳು. ಇಳಿಯುವಾಗ ಮೂರು ಕಡೆ ಕೂತಳು. ಅವಳು ಕೂತದ್ದನ್ನು ಗಂಡ ಎಂದೂ ನೋಡಿರಲಿಲ್ಲ. ಅವನು ಏಳುವ ಮೊದಲೇ ಎದ್ದು, ಅವನು ಮಲಗಿದ ಮೇಲೆ ಮಲಗುವವಳಿಗೆ ಕೂರುವ ಪುರುಸೊತ್ತಾದರೂ ಎಲ್ಲಿತ್ತು?

ಕಬ್ಬಿಣದ ಮಾತ್ರೆ ಮುಗಿಯಿತು, ಕೆಮ್ಮು ಮುಗಿಯಲಿಲ್ಲ. ಅರ್ಧ ದಿನದ ಕೂಲಿ ಬಿಟ್ಟು ಅವನು ಅವಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದ. ಅಲ್ಲಿನ ಹುಡುಗಿಯಂಥ ಡಾಕ್ಟರಮ್ಮ ಎದೆಯ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಏನ್ ಕೆಲ್ಸ ಮಾಡ್ತೀರಮ್ಮ?”

“ಏನಿಲ್ಲ, ಮನೇಲೇ ಇರ್ತೀನಿ.”

ಡಾಕ್ಟರಮ್ಮ ಅವನತ್ತ ತಿರುಗಿ ಅವನ ಕೆಲಸ ಕೇಳಿದಳು. ಆಮೇಲೆ ಮತ್ತೆ ಇವಳನ್ನೇ ಕೇಳಿದಳು. “ಇವ್ರ ಬಟ್ಟೆ ಯಾರು ಒಗೀತಾರೆ?”

ಹೆಂಡತಿಗೆ ನಗು ಬಂತು. “ಇವ್ರಪ್ಪ ಬಂದು ಒಗೀತಾರಾ ಮೇಡಮ್? ನಾನೇ. ಅದೇನ್ ಅಂಥಿಂಥ ಬಟ್ಟೆ ಅಲ್ಲ. ಹಂಗೇ ನೀರಿಗೆ ಹಾಕಿದ್ರೆ ಧೂಳೆಲ್ಲ ಗಾರೆ ಥರ ಕಚ್ಕೊಂಡ್ಬಿಡುತ್ತೆ. ಮೊದ್ಲು ಗೋಡೆಗೆ ಬಡೀಬೇಕು. ನಮ್ಮ ಬೀದೀಲಿ ನನ್ನಷ್ಟು ಚೆನ್ನಾಗಿ ಬಡಿಯೋರು ಯಾರೂ ಇಲ್ಲ.”

ಮದುವೆಯಾದಾಗಿನಿಂದ ಹಾಗೆಯೇ. ಒಣಬಟ್ಟೆಯನ್ನು ಹಿತ್ತಿಲ ಗೋಡೆಗೆ ಬಡಿದು, ಕಾಲರನ್ನು ಮುಖದ ಹತ್ತಿರ ಹಿಡಿದು ನೋಡಿ, ಇನ್ನೂ ಧೂಳಿದ್ದರೆ ಮತ್ತೆ ಬಡಿಯುವುದು. ಅತ್ತೆ ಹೇಳಿಕೊಟ್ಟದ್ದು. ಆ ಅತ್ತೆಯೂ ಕೆಮ್ಮಿ ಕೆಮ್ಮಿಯೇ ಸತ್ತಳು. ಅದನ್ನು ಅವರು ಮುಪ್ಪಿನ ಕೆಮ್ಮು ಅಂದುಕೊಂಡಿದ್ದರು.

“ಆ ಧೂಳು ಎದೇಲಿ ಕೂತಿದೆ,” ಎಂದಳು ಡಾಕ್ಟರಮ್ಮ. “ಕೂತ್ರೆ ಏಳಲ್ಲ.”

“ವಾಸಿ ಆಗುತ್ತಲ್ಲ ಮೇಡಮ್?” ಗರಗಸದವನು ಕೇಳಿದ.

“ಇನ್ನು ಮುಂದೆ ಒಳಗೆ ಹೋಗದ ಹಾಗೆ ನೋಡ್ಕೊಳ್ಳಿ,” ಎಂದಳು ಅವಳು. ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

ಬಸ್ಸಿನಲ್ಲಿ ಅವನು ಹೆಂಡತಿಯ ಮುಖ ನೋಡಲಾರದೆ ಹೋದ. ಅವನ ಎದೆಯೊಳಗೆ ಕೂತದ್ದು ಧೂಳಲ್ಲ, ಬೇರೆಯೇ ಒಂದು. ಮಗಳು ಹೊಟ್ಟೆಯಲ್ಲಿದ್ದಾಗ ಇವಳಿಗೆ ಕತ್ತು ನೋವು. ಆಗ ಕಾರ್ಖಾನೆಯ ಮೂಲೆಯಲ್ಲಿ ಬಿದ್ದಿದ್ದ, ಶೀಟಿಗೆ ಬೆರೆಸುವ ಕಲ್ನಾರಿನ ಎಳೆಯನ್ನು, ಹತ್ತಿಗಿಂತ ಮೆತ್ತಗಿದ್ದದ್ದನ್ನು, ಊಟದ ಡಬ್ಬಿಯಲ್ಲಿ ಕದ್ದು ಕದ್ದು ತಂದು, ತಾನೇ ಸೂಜಿ ಹಿಡಿದು ದಿಂಬು ಹೊಲಿದಿದ್ದ. ನನ್ನ ಗಂಡ ನಂಗೆ ದಿಂಬು ಹೊಲ್ಕೊಟ್ಟ ಎಂದು ಅವಳು ನಲ್ಲಿ ಹತ್ತಿರ ಬೀಗಿದ್ದೇ ಬೀಗಿದ್ದು. ಈಗಲೂ ಅವಳ ತಲೆ ಅದರ ಮೇಲೆಯೇ.

ಮನೆಗೆ ಬಂದವನೇ ದಿಂಬನ್ನು ಒದ್ದೆ ಗೋಣಿಯಲ್ಲಿ ಸುತ್ತಿದ.

“ಅದೇನ್ ಮಾಡಿತ್ತು ನಿಮ್ಗೆ?” ಎಂದಳು ಹೆಂಡತಿ.

“ಇದರೊಳಗೂ ಅದೇ ಇದೆ ಕಣೇ.”

ಅವಳು ಗೋಣಿಯಿಂದ ಕಣ್ಣೆತ್ತಿದಳು. “ನಿಮ್ಗೆ ಗೊತ್ತಿತ್ತಾ?”

ಇಲ್ಲ ಎನ್ನಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು.

“ಕೆಟ್ಟದ್ದು ಅಂತ ಗೊತ್ತಿತ್ತು. ಇಷ್ಟು ಕೆಟ್ಟದ್ದು ಅಂತ ಗೊತ್ತಿರ್ಲಿಲ್ಲ.”

“ನೀವು ಅಲ್ಲಿ ಮೂಗಿಗೆ ಬಟ್ಟೆ ಕಟ್ಕೋತಿದ್ರಿ.”

“ಹೂಂ.”

ಅವಳು ಬೈಯಲಿಲ್ಲ, ಅಳಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಇನ್ನು ಮೇಲೆ ನನ್ನ ಬಟ್ಟೆ ನಾನೇ ಒಗ್ಕೋತೀನಿ ಎಂದು ಆ ಬೆನ್ನಿಗೆ ಹೇಳಿ, ಕೆಲಸದ ಅಂಗಿಯನ್ನು ಹಿತ್ತಿಲ ಮೊಳೆಗೆ ನೇತುಹಾಕಿದ.

ಮರುದಿನ ಮ್ಯಾನೇಜರನ ಮುಂದೆ ಹೋಗಿ ನಿಂತ. “ಬಟ್ಟೆ ಬದಲಾಯ್ಸೋಕೆ ಒಂದು ರೂಮು, ಇಲ್ಲೇ ಒಗ್ಯೋಕೆ ಏನಾದ್ರೂ ವ್ಯವಸ್ಥೆ ಮಾಡ್ಸಿ ಸಾರ್. ಮನೆ ಹೆಂಗಸ್ರೆಲ್ಲ ಕೆಮ್ತಾ ಇದಾರೆ.”

“ನಿಮ್ಮ ಚಡ್ಡಿ ಒಗ್ಯೋಕೆ ನಾನು ಆಳಿಡ್ಲಾ? ಮತ್ತೆ ಹೆಂಡ್ತೀರನ್ನ ಯಾಕ್ರೋ ಕಟ್ಕೊಂಡಿದೀರ, ಬರೀ ಮಲ್ಗೋಕಾ?” ಸುತ್ತ ನಿಂತವರು ನಕ್ಕರು. “ಮುಖಕ್ಕೆ ಹಚ್ಕೊಳೋ ಪೌಡರ್ ಇದ್ದಂಗೆ ಕಣೋ ಆ ಧೂಳು. ಹೋಗ್, ಕೆಲ್ಸ ನೋಡು.”

ಗರಗಸದವನೂ ಹಲ್ಲು ಕಿರಿದ. ದೊಡ್ಡವರು ನಗಿಸಿದರೆ ನಗುವುದು ರೂಢಿಯಾಗಿಬಿಟ್ಟಿತ್ತು. ಗರಗಸದ ಹತ್ತಿರ ಬಂದ ಮೇಲೆ ಆ ನಗು ನೆನಪಾಗಿ ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕೆನಿಸಿತು.

ಸಂಜೆ ಮನೆಗೆ ಬಂದರೆ ಹಿತ್ತಿಲಿಂದ ಧಪ್ ಧಪ್ ಸದ್ದು. ಮೊಳೆಗೆ ಹಾಕಿದ್ದ ಅಂಗಿಯನ್ನು ಮಗಳು ಎರಡೂ ಕೈಯಲ್ಲಿ ಹಿಡಿದು, ಸೊಂಟ ತಿರುಗಿಸಿ, ಥೇಟು ತಾಯಿಯಂತೆಯೇ ಗೋಡೆಗೆ ಬಡಿಯುತ್ತಿದ್ದಳು. ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿದ್ದವು.

“ಅಮ್ಮಂಗೆ ಕೈಲಾಗಲ್ಲ ಅಂತ ನಾನೇ ಬಡಿತಿದೀನಪ್ಪ. ನೋಡು, ಎಷ್ಟು ಬಂತು!”

“ಬಿಡೇ ಅದನ್ನ, ಮುಂಡೇದೇ!” ಅಂಗಿ ಕಿತ್ತುಕೊಂಡು ಕೈಯೆತ್ತಿದ. ಮಗು ಹೆದರಿ ಗೋಡೆಗೆ ಅಂಟಿಕೊಂಡಿತು.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಮಾತಾಡಲು ಮೊದಲು ಉಸಿರು ಕೂಡಿಸಿಕೊಳ್ಳಬೇಕಾಯಿತು. “ಅವ್ಳನ್ಯಾಕೆ ಹೊಡಿತೀರ? ಹೊತ್ಕೊಂಡು ಬರೋರು ನೀವು.”

ಎತ್ತಿದ ಕೈ ಹಾಗೇ ಇಳಿಯಿತು.

ಮಾರನೆಯ ದಿನ ಪಾಳಿ ಮುಗಿದು ಸೈರನ್ ಕೂಗಿದಾಗ ಗರಗಸದವನು ಗೇಟಿನ ಒಳಗೇ ನಿಂತು ಅಂಗಿ ಬಿಚ್ಚಿದ. ಪ್ಯಾಂಟೂ ಬಿಚ್ಚಿದ. ಪಟ್ಟೆ ಚಡ್ಡಿಯೊಂದೇ ಉಳಿಯಿತು.

“ಲೇ ಬೋಳಿಮಗ್ನೇ, ಮಾನ ಮರ್ಯಾದೆ ಇಲ್ವೇನೋ?” ವಾಚ್‌ಮನ್ ಕೋಲು ಎತ್ತಿಕೊಂಡು ಓಡಿಬಂದ.

“ಮಾನ ಮನೇಲಿ ಕೆಮ್ತಾ ಮಲ್ಗಿದೆ ಕಣಣ್ಣ. ಇದನ್ನ ಮಾತ್ರ ಮನೆಗೆ ತಗೊಂಡೋಗಲ್ಲ.”

ಕಾರು ಹತ್ತಲು ಹೊರಟಿದ್ದ ಮ್ಯಾನೇಜರು ಗಲಾಟೆ ಕೇಳಿ ಇತ್ತ ಬಂದ. “ಏನೋ ಇದು ದೊಂಬರಾಟ?”

ಗರಗಸದವನು ಅಂಗಿಯನ್ನು ಎರಡು ಕೈಯಲ್ಲಿ ಅವನ ಮುಂದೆ ಹಿಡಿದ. “ನಿಮ್ದೇ ಧೂಳು ಸಾರ್, ನೀವೇ ಇಟ್ಕೊಳ್ಳಿ. ನಿಮ್ಮ ಮನೇವ್ರ ಕೈಲಿ ಒಗ್ಸಿ.” ಹಾಗೆಂದು ಒಂದೇ ಒಂದು ಸಲ ಕೊಡವಿದ.

ಮ್ಯಾನೇಜರು ಹಾವು ಕಂಡವನಂತೆ ಹಿಂದಕ್ಕೆ ಹಾರಿದ. ಕರವಸ್ತ್ರ ಯಾವಾಗ ಜೇಬಿನಿಂದ ಬಂತೋ, ಮೂಗನ್ನೂ ಬಾಯನ್ನೂ ಮುಚ್ಚಿತ್ತು.

ಹೊರಗೆ ಹೋಗುತ್ತಿದ್ದವರೆಲ್ಲ ನಿಂತರು. ಯಾರೂ ಚಡ್ಡಿಯನ್ನು ನೋಡಲಿಲ್ಲ, ಕರವಸ್ತ್ರವನ್ನು ನೋಡಿದರು. ಹೋದ ವರ್ಷ ಹೆಂಡತಿಯನ್ನು ಮಣ್ಣು ಮಾಡಿದ್ದ ಲೋಡಿಂಗಿನ ಮುದುಕ ಮೆಲ್ಲಗೆ, “ಈ ಸೂಳೆಮಗಂಗೆ ಎಲ್ಲ ಗೊತ್ತಿತ್ತು,” ಎಂದು ತನ್ನ ಅಂಗಿಯ ಗುಂಡಿಗೆ ಕೈಹಾಕಿದ.

ಗರಗಸದವನು ಅವನಿಗಾಗಿ ಕಾಯಲಿಲ್ಲ. ನಾಳೆ ಗೇಟು ತೆಗೆಯುತ್ತಾರೋ ಇಲ್ಲವೋ ಎಂದೂ ಯೋಚಿಸಲಿಲ್ಲ. ಬರಿಮೈಯಲ್ಲಿ ಬೀದಿಗಿಳಿದು ನಡೆದ. ಅಂಗಡಿಯವರು ನಕ್ಕರು, ಹೆಂಗಸರು ಮುಖ ತಿರುಗಿಸಿದರು. ಮನೆಯ ತಿರುವಿನಲ್ಲಿ ಮಗಳು ಅವನನ್ನು ಕಂಡು, ನಿನ್ನೆ ಎತ್ತಿದ ಕೈಯನ್ನು ಮರೆತು, ಕೈ ಚಾಚಿಕೊಂಡು ಓಡಿಬಂದಳು.

“ಅಲ್ಲೇ ನಿಲ್ಲು!” ಅವನು ಕಿರುಚಿದ. ಕೂದಲಲ್ಲಿ, ಕಿವಿಯ ಸಂದಿಯಲ್ಲಿ, ಎದೆಯ ರೋಮದಲ್ಲಿ ಅದು ಇನ್ನೂ ಬೆಳ್ಳಗೆ ಅಂಟಿಕೊಂಡೇ ಇತ್ತು. “ಹತ್ರ ಬರ್ಬೇಡ ಕಂದ, ನನ್ನ ಮುಟ್ಬೇಡ.”

ಮಗು ನಿಂತಿತು. ಅದು ಒಂದು ಹೆಜ್ಜೆ ಮುಂದಿಟ್ಟರೆ ಅವನು ಒಂದು ಹೆಜ್ಜೆ ಹಿಂದಿಟ್ಟ.