ಬಲಮಂಡಿಯ ಪಟ್ಟಿ

“ಬೆನ್ನು ಉಜ್ಜು ಅಂದ್ರೆ ಮಗು ತಲೆ ಸವರ್ದಂಗೆ ಸವರ್ತೀಯಲ್ಲೋ ಬೋಳಿಮಗ್ನೆ! ಹಂಡೆಗಟ್ಲೆ ಅನ್ನ ತಿಂತೀಯ, ರಟ್ಟೇಲಿ ಶಕ್ತಿ ಇಲ್ವೇನ್ಲಾ?”

ಫೆಲೇತಿ ಬಟ್ಟೆಯನ್ನು ಇನ್ನೊಂದು ಸಲ ಸೋಪಿನ ನೀರಿನಲ್ಲಿ ಅದ್ದಿ, ಶಿರಾಮಿನೆ ಯಜಮಾನನ ಬೆನ್ನಿಗೆ ಎರಡೂ ಕೈ ಊರಿ ತಿಕ್ಕಿದ. ಒಂದು ಕಾಲಕ್ಕೆ ಈ ಬೆನ್ನು ಎಂಥೆಂಥ ಸುಮೊ ಪೈಲ್ವಾನರನ್ನು ಅಖಾಡದಿಂದ ಆಚೆ ದಬ್ಬಿತ್ತೋ, ಈಗ ಸಡಿಲು ಚರ್ಮದ ಕೆಳಗೆ ಬರೀ ಕೊಬ್ಬು. ಟೋಂಗಾದ ದ್ವೀಪ ಬಿಟ್ಟು ಟೋಕಿಯೋದ ಈ ಗರಡಿಗೆ ಫೆಲೇತಿ ಬಂದು ಹನ್ನೊಂದು ವರ್ಷವಾಗಿತ್ತು. ಬಂದ ವಾರದಲ್ಲೇ ಯಜಮಾನ ಅವನ ಮೈಬಣ್ಣ ನೋಡಿ ಕುರೊಇವಾ ಎಂದು ಹೆಸರಿಟ್ಟ. ಕರಿಬಂಡೆ ಎಂದರ್ಥ. ಪೈಲ್ವಾನರ ಯಾದಿಯಲ್ಲಿ ಅದೇ ಹೆಸರು, ಬೈಗುಳಕ್ಕೂ ಅದೇ ಹೆಸರು.

ಎರಡೇ ಎರಡು ಪಂದ್ಯಾವಳಿಯ ಮಟ್ಟಿಗೆ ಅವನು ಸಂಬಳ ಬರುವ ದರ್ಜೆಗೆ ಏರಿದ್ದ. ಆಗ ಅವನ ಬೆನ್ನನ್ನೂ ಒಬ್ಬರು ತಿಕ್ಕುತ್ತಿದ್ದರು. ಎಡಮಂಡಿ ಹೋಯಿತು, ದರ್ಜೆಯೂ ಹೋಯಿತು. ಮತ್ತೆ ಕರಿ ಹತ್ತಿಯ ಲಂಗೋಟಿ, ಮತ್ತೆ ಬೆಳಗಿನ ಐದಕ್ಕೆ ಕಸಬರಿಗೆ, ಎಲ್ಲರೂ ಉಂಡಾದ ಮೇಲೆ ಚಾಂಕೊ ಸಾರಿನ ತಳದಲ್ಲಿ ಉಳಿದ ಎಲೆಕೋಸು.

“ಸಾಕು ಬಿಡು,” ಎಂದ ಯಜಮಾನ. ಎದ್ದು ನಿಂತು ಮರದ ಬೋಗುಣಿಯಲ್ಲಿ ಬಿಸಿನೀರು ಮೊಗೆದ. “ಈಗ ನೀನು ಕೂತ್ಕೊ. ನಾನು ಹುಯ್ತೀನಿ.”

ಫೆಲೇತಿ ಕೂರಲಿಲ್ಲ. ಹನ್ನೊಂದು ವರ್ಷದಲ್ಲಿ ಈ ಮನುಷ್ಯ ಬಿದಿರುಕೋಲಿನಿಂದ ಬಾರಿಸಿದ್ದುಂಟು, ಮಣ್ಣು ತಿನ್ನಿಸಿದ್ದುಂಟು. ಒಂದು ಲೋಟ ನೀರು ಬಗ್ಗಿಸಿ ಕೊಟ್ಟವನಲ್ಲ.

“ಕೂತ್ಕೊಳೋ, ನಾನೇನು ಹುಲಿನಾ?” ಬೆನ್ನ ಮೇಲೆ ನೀರು ಬಿತ್ತು. ಹದವಾಗಿತ್ತು. ಅದಕ್ಕೇ ಫೆಲೇತಿಗೆ ಮೈ ಜುಮ್ಮೆಂದಿತು. “ನಿಂಗೆ ಇಪ್ಪತ್ತೊಂಬತ್ತಾಯ್ತು. ಇಲ್ಲಿನ್ನು ಏನೂ ಗಿಟ್ಟಾಕಿಲ್ಲ. ಈ ಬೋನೊಳಗೆ ಹೊಡ್ದಾಡ್ತಾರಲ್ಲ, ಎಂಎಂಎ, ಅಲ್ಲಿ ಪಂದ್ಯ ಏರ್ಪಾಡು ಮಾಡೋ ಮೊರೊಹೋಶಿ ಅಂತ ಒಬ್ರು ಅವ್ರೆ. ನಿನ್ನೇ ಬೇಕು ಅಂತ ಕೇಳ್ತಾವ್ರೆ. ಸಂಘಕ್ಕೆ ನಿವೃತ್ತಿ ಕಾಗ್ದ ನಾನು ಬರ್ಕೊಡ್ತೀನಿ.”

“ಜುಟ್ಟು, ಯಜಮಾನ್ರೇ?”

ಸುಮೊ ಬಿಟ್ಟವನ ಜುಟ್ಟು ಕತ್ತರಿಸಬೇಕು. ಬಂಧುಬಳಗ, ಗೆಳೆಯರು ಒಬ್ಬೊಬ್ಬರಾಗಿ ಬಂದು ಕತ್ತರಿ ಆಡಿಸಿ, ಕೊನೆಯ ಕತ್ತರಿ ಯಜಮಾನನದು. ಆ ಕತ್ತರಿ ಬೀಳುವ ತನಕ ಗರಡಿಯವನೇ.

“ಅದುಕ್ಕೇನು ಅವಸರ? ಆಮೇಲೆ ನೋಡಣ,” ಎಂದು ಯಜಮಾನ ಇನ್ನೊಂದು ಬೋಗುಣಿ ಹೊಯ್ದ.

ಮಾರನೆಯ ದಿನ ಫೆಲೇತಿ ಮೂಲಂಗಿ ಉಪ್ಪಿನಕಾಯಿ ತರಲು ಉಗ್ರಾಣಕ್ಕೆ ಹೋದ. ಪೀಪಾಯಿಯ ಹಿಂದೆ ಕಾಗದದಲ್ಲಿ ಸುತ್ತಿದ ಉದ್ದನೆಯ ಹಲಗೆಯೊಂದಿತ್ತು. ಗರಡಿಯ ಗೋಡೆಗೆ ಪ್ರತಿಯೊಬ್ಬ ಪೈಲ್ವಾನನ ಹೆಸರಿನ ಹಲಗೆ ತೂಗುಹಾಕುತ್ತಾರೆ, ದರ್ಜೆಯ ಪ್ರಕಾರ ಸಾಲಾಗಿ. ಇದು ಹೊಸದು, ಶಾಯಿ ಇನ್ನೂ ಮಿಂಚುತ್ತಿತ್ತು. ಹೆಸರಿನ ಮೇಲೆ ದೇಶ: ಮಂಗೋಲಿಯ.

ಒಂದು ಗರಡಿಗೆ ಒಬ್ಬನೇ ಪರದೇಶಿ, ಸಂಘದ ಕಾನೂನು ಅದು. ಹೊಸ ಪರದೇಶಿ ಒಳಗೆ ಬರಬೇಕಾದರೆ ಹಳೆಯವನು ಎದ್ದು ಹೋಗಬೇಕು. ಬಿಸಿನೀರಿನ ಉಪಚಾರ ಯಾಕೆಂದು ಅವನಿಗೆ ಅರ್ಥವಾಯಿತು. ಹಲಗೆಯನ್ನು ಇದ್ದ ಹಾಗೇ ಸುತ್ತಿಟ್ಟು, ಮೂಲಂಗಿ ತೆಗೆದುಕೊಂಡು ಬಂದ.

ಮಧ್ಯಾಹ್ನ ಜುಟ್ಟು ಕಟ್ಟುವ ಗೆನ್ ತಾತನ ಮುಂದೆ ಕುಳಿತ. ಮುದುಕ ನಲವತ್ತೈದು ವರ್ಷದಿಂದ ಪೈಲ್ವಾನರ ತಲೆಗೆ ಎಣ್ಣೆಮೇಣ ಹಚ್ಚಿ, ಬಾಚಿ, ಕಾಗದದ ದಾರದಲ್ಲಿ ಬಿಗಿಯುತ್ತಾ ಬಂದವನು. ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದ.

“ತಾತ, ಹೊಸಬ ಯಾವಾಗ ಬರ್ತಾನೆ?”

“ಯಾವ ಹೊಸಬ?”

“ಉಪ್ಪಿನಕಾಯಿ ಪೀಪಾಯಿ ಹಿಂದೆ ಅಡಗ್ಸಿಟ್ಟಿದೀರಲ್ಲ, ಅವ್ನು.”

ಬಾಚಣಿಗೆ ನಿಂತಿತು. “ನಾನು ಕೂದ್ಲು ಕಟ್ಟೋನಪ್ಪ. ಈ ಮನೇಲಿ ಕೂದ್ಲು ಬಿಟ್ಟು ಬೇರೇನೂ ನನ್ ಕಣ್ಣಿಗೆ ಬೀಳಾಕಿಲ್ಲ.” ಮತ್ತೆ ಬಾಚತೊಡಗಿ, ದನಿ ತಗ್ಗಿಸಿ, “ಬರೋ ತಿಂಗ್ಳು,” ಎಂದ.

ಬೇಡ ಎನ್ನಬಹುದಿತ್ತು. ಹಾಗೆಂದು ಹೇಳಿ ಎಲ್ಲಿಗೆ ಹೋಗುವುದು? ನಿವೃತ್ತಿ ಕಾಗದ ಆಗಲೇ ಸಂಘಕ್ಕೆ ಹೋಗಿತ್ತು, ಅವನ ಸಹಿಯ ಜಾಗದಲ್ಲಿ ಯಜಮಾನನ ಮೊಹರು. ಈ ದೇಶದಲ್ಲಿ ಉಳಿಯಲು ಅವನಿಗಿದ್ದ ಪರವಾನಗಿ ಗರಡಿಯ ಹೆಸರಿನದು. ಹೊಡೆದಾಡುವುದು ಬಿಟ್ಟು ಬೇರೆ ಕಸುಬು ಅವನಿಗೆ ಬರುತ್ತಿರಲಿಲ್ಲ. ಮೊರೊಹೋಶಿಯ ಕಾಗದಕ್ಕೆ ಸಹಿ ಹಾಕಿದ.

ಭಾನುವಾರ ರೈಲು ಹತ್ತಿ ಕುಮಾಗಾಯಾಕ್ಕೆ ಹೋದ. ಅವನ ಸೋದರತ್ತೆ ಲವೀನಿಯಾ ಅಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಟೋಂಗಾದಲ್ಲಿ ಅಪ್ಪನ ಅಕ್ಕನ ಸ್ಥಾನ ಅಪ್ಪನಿಗಿಂತ ದೊಡ್ಡದು. ಅವಳ ಮಾತಿಗೆ ಎದುರಾಡುವವರಿಲ್ಲ. ಮನೆಯಲ್ಲಿ ಸಾವಾದರೆ ಕಿರಿಯರ ಕೂದಲು ಕತ್ತರಿಸುವವಳೂ ಅವಳೇ.

“ಬಂದ್ಯಾ?” ಎಂದಳು, ಅವನ ಮುಖ ನೋಡದೆ ತಲೆ ನೋಡುತ್ತ. “ನಿಮ್ಮಪ್ಪ ಮಣ್ಣು ಸೇರಿ ಹದಿನಾಕು ತಿಂಗ್ಳು. ಇನ್ನೂ ಎಣ್ಣೆ ಹಚ್ಕಂಡು ಜುಟ್ಟು ಬಿಟ್ಕಂಡು ಮೆರೀತಿದೀಯ. ನಾಚ್ಕೆ ಆಗಲ್ವೇನೋ?”

“ಅತ್ತೆ, ಇದು ನಂದಲ್ಲ. ಯಜಮಾನ್ರು ಕತ್ತರಿಸ್ಬೇಕು.”

“ತಲೆ ನಿಂದು, ಕೂದ್ಲು ಅವಂದಾ?”

ಅವನು ತಲೆ ತಗ್ಗಿಸಿದ. ಸೇಮಿಸಿ ಎಂಬ ಅವನ ಅಪ್ಪ ಊರಲ್ಲಿ ಸತ್ತಾಗ ಇಲ್ಲಿ ಪಂದ್ಯಾವಳಿ ನಡೆಯುತ್ತಿತ್ತು. ಅವನ ಫೋನು ಗರಡಿಯವರ ಕೈಯಲ್ಲಿ. ಸುದ್ದಿ ಹೇಳಲು ಅತ್ತೆ ಖುದ್ದಾಗಿ ಬಂದಿದ್ದಳು. ಯಜಮಾನ ಬಾಗಿಲಲ್ಲೇ ತಡೆದು, ಪಂದ್ಯಾವಳಿ ಮುಗಿಯುವ ತನಕ ತುಟಿ ಬಿಚ್ಚಬೇಡ ಎಂದು ಗದರಿದ. ಅವಳು ಸುಮ್ಮನಾಗದೆ ಒಳಗೆ ನುಗ್ಗಿ, ಹೆಂಗಸರು ಮೆಟ್ಟಬಾರದ ಅಖಾಡದ ಮಣ್ಣಿಗೆ ಒಂದು ಕಾಲಿಟ್ಟಳು. ಅವಳನ್ನು ಎಳೆದು ಆಚೆ ಹಾಕಿದರು. ಆಮೇಲೆ ಯಜಮಾನ ಅಡುಗೆಮನೆಯಿಂದ ಫೆಲೇತಿಯನ್ನು ಕೂಗಿ, “ಯಾವಳೋ ಪರದೇಶಿ ಮುಂಡೆ ಮೆಟ್ಬುಟ್ಟವ್ಳೆ, ಉಪ್ಪು ಹಾಕ್ಲಾ ಇಲ್ಲಿ,” ಎಂದ. ಮೈಲಿಗೆ ಕಳೆಯಲೆಂದು ಫೆಲೇತಿ ಹಿಡಿಹಿಡಿ ಉಪ್ಪೆರಚಿದ. ಯಾರ ಹೆಜ್ಜೆಗೆ ಎರಚಿದ್ದೆಂದು ತಿಳಿದದ್ದು ಒಂಬತ್ತು ದಿನ ಕಳೆದ ಮೇಲೆ.

ಅತ್ತೆ ಚೀಲದಿಂದ ಕತ್ತರಿ ತೆಗೆದು ತೋರಿಸಿದಳು. ಕಾರ್ಖಾನೆಯಲ್ಲಿ ಬಟ್ಟೆಯ ದಾರ ಕತ್ತರಿಸುವ ದಪ್ಪ ಕತ್ತರಿ. “ಅವತ್ತಿಂದ ಹೊತ್ಕಂಡು ತಿರುಗ್ತಾ ಇದೀನಿ. ನೀನೇ ಬಾಯಿಬಿಟ್ಟು ಕೇಳ್ಬೇಕು, ಅವತ್ತು ತೆಗೀತೀನಿ,” ಎಂದು ವಾಪಸ್ಸು ಒಳಗಿಟ್ಟಳು.

ಅವನು ಕೇಳಲಿಲ್ಲ.

ಪಂದ್ಯಕ್ಕೆ ಎರಡು ವಾರ ಇರುವಾಗ ಪತ್ರಕರ್ತರ ಮುಂದೆ ಮುಖಾಮುಖಿ ನಡೆಯಿತು. ಗೋಡೆಯ ತುಂಬ ಭಿತ್ತಿಚಿತ್ರ: ಬೋನಿನ ಸರಳುಗಳ ಹಿಂದೆ ಫೆಲೇತಿ, ಅವನ ಮುಖಕ್ಕಿಂತ ಜುಟ್ಟು ದೊಡ್ಡದಾಗಿತ್ತು. ಮೂಲೆಯಲ್ಲಿ ಅಚ್ಚಾದ ತಿಂಗಳಿತ್ತು. ಯಜಮಾನ ಬೆನ್ನಿಗೆ ನೀರು ಹೊಯ್ದದ್ದು ಅದರ ಮುಂದಿನ ತಿಂಗಳು; ಅವನನ್ನು ಕೇಳುವ ಮೊದಲೇ ವ್ಯಾಪಾರ ಮುಗಿದಿತ್ತು.

ಮೊರೊಹೋಶಿ ಹೆಗಲ ಮೇಲೆ ಕೈ ಹಾಕಿದ. “ಕುರೊಇವಾ ಅವ್ರೇ, ಕೈಕಾಲು ಹೇಗಾದ್ರೂ ಆಡಿಸ್ಕೊಳಿ, ಜುಟ್ಟು ಮಾತ್ರ ಜೋಪಾನ. ಟಿಕೆಟ್ ತಗೊಂಡಿರೋ ಜನ ಅದನ್ನ ನೋಡಕ್ಕೇ ಬರೋದು. ಪಂದ್ಯ ಮುಗಿದ ತಕ್ಷಣ ನಿಮ್ಮ ಯಜಮಾನ್ರು ಬೋನಿನೊಳಗೇ ಬಂದು, ನೀವು ಮಲಗಿದ್ದ ಹಾಗೇ ಕತ್ತರಿಸ್ತಾರೆ. ಚಿನ್ನದ ನೀರು ಕುಡಿಸಿರೋ ಕತ್ತರಿ. ಟೀವಿಲಿ ನೇರ ಪ್ರಸಾರ.”

“ನಾನ್ಯಾಕೆ ಮಲ್ಗಿರ್ತೀನಿ?”

ಮೊರೊಹೋಶಿ ನಕ್ಕ. ಪಕ್ಕದಲ್ಲಿ ಕಿಮೋನೊ ಉಟ್ಟು ಕುಳಿತಿದ್ದ ಯಜಮಾನನೂ ನಕ್ಕ. “ಏನೋ ಮಾತಿಗೆ ಅಂದ್ರು ಕಣ್ಲಾ. ಎಲ್ಲಾದಕ್ಕೂ ಅನುಮಾನ ನಿಂಗೆ.”

ಅಷ್ಟರಲ್ಲಿ ಎದುರಾಳಿ ಜಾಂಡಿರ್‌ನನ್ನು ತಂದು ನಿಲ್ಲಿಸಿದರು. ಬ್ರೆಜಿಲ್‌ನವನು, ಒದೆಯುವುದರಲ್ಲಿ ಎತ್ತಿದ ಕಾಲು. ಇಬ್ಬರೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು. ಜಾಂಡಿರ್ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಆಮೇಲೆ ದೃಷ್ಟಿ ಕೆಳಗಿಳಿಸಿದ.

ಫೆಲೇತಿಯ ಬಲಮಂಡಿಗೆ ದಪ್ಪನೆಯ ಬಿಳಿ ಪಟ್ಟಿ ಸುತ್ತಿತ್ತು. ಮೂರು ವರ್ಷದ ಹಿಂದೆ ಎಡಮಂಡಿಯ ನರ ಹರಿದಾಗ, ಪಟ್ಟಿಯನ್ನು ಬಲಕ್ಕೆ ಸುತ್ತಲು ಕಲಿಸಿದವನು ಯಜಮಾನನೇ. ‘ಎದುರಾಳಿ ಪಟ್ಟಿ ನೋಡಿ ಬಲಗಾಲಿಗೇ ಬೀಳ್ತಾನೆ, ನೀನು ಅವನ ಸೊಂಟ ಹಿಡ್ದು ಎಸಿ’ ಎಂದಿದ್ದ. ಎಷ್ಟೋ ಜನ ಹಾಗೆ ಮೋಸಹೋಗಿದ್ದರು. ನಿಜ ಗೊತ್ತಿದ್ದದ್ದು ಮೂವರಿಗೆ: ಫೆಲೇತಿ, ಯಜಮಾನ, ದಿನವೂ ಆ ಮಂಡಿಗೆ ಎಣ್ಣೆ ತೀಡುವ ಗೆನ್ ತಾತ.

ಜಾಂಡಿರ್ ಪಟ್ಟಿಯತ್ತ ಕಣ್ಣೆತ್ತಿಯೂ ನೋಡಲಿಲ್ಲ. ಬರಿಯ ಎಡಮಂಡಿಯನ್ನು ನೋಡಿದ, ಹುಬ್ಬು ಹಾರಿಸಿದ.

ಪಂದ್ಯದ ದಿನ ಸೈತಾಮಾದ ಸಭಾಂಗಣದಲ್ಲಿ, ಬಟ್ಟೆ ಬದಲಿಸುವ ಕೋಣೆಗೆ ಗೆನ್ ತಾತ ತನ್ನ ಪೆಟ್ಟಿಗೆ ಹಿಡಿದು ಬಂದ. ಕ್ಯಾಮೆರಾದ ಮುಂದೆ ಜುಟ್ಟು ಮಿಂಚಬೇಕೆಂದು ಯಜಮಾನನೇ ಕಳಿಸಿದ್ದ. ಕೋಣೆಯ ಮೂಲೆಯಲ್ಲಿ ಲವೀನಿಯಾ ಅತ್ತೆ ಕುಳಿತಿದ್ದಳು. ಸ್ಪರ್ಧಿಯ ಕಡೆಯವರು ಎಂದು ಎರಡು ಹೆಸರು ಬರೆಯಬಹುದಿತ್ತು. ಫೆಲೇತಿ ಒಂದೇ ಬರೆದಿದ್ದ. ಕಪ್ಪು ಬಟ್ಟೆಯ ಮೇಲೆ ಸೊಂಟಕ್ಕೆ ಅಂಚು ಹರಿದ ದೊಡ್ಡ ಚಾಪೆ ಕಟ್ಟಿದ್ದಳು, ಟೋಂಗಾದವರು ಸಾವಿಗೆ ಕಟ್ಟುವ ಚಾಪೆ. ಸಭಾಂಗಣದ ಕಾವಲಿನವರು ವೇಷ ಎಂದುಕೊಂಡು ಒಳಗೆ ಬಿಟ್ಟಿದ್ದರು.

ತಾತ ಬಾಚಿ, ದಾರ ಬಿಗಿದು, ಜುಟ್ಟು ಮುಂದಕ್ಕೆ ಮಡಚಿದ. ಆಗ ಫೆಲೇತಿ ಕೇಳಿದ.

“ಎಡಗಾಲಿನ ವಿಷ್ಯ ಹೇಳಿದ್ದು ನೀನಾ, ತಾತ?”

ಮುದುಕ ಪೆಟ್ಟಿಗೆಯ ಮುಚ್ಚಳ ಹಾಕಿದ. “ಅಯ್ಯೋ ಮಗಾ. ಹನ್ನೊಂದು ವರ್ಷ ನಿನ್ ತಲೆ ಕೈಯಲ್ಲಿ ಹಿಡ್ದೋನು ನಾನು.” ಬಾಗಿಲ ಕಡೆ ನೋಡಿ ಪಿಸುಗುಟ್ಟಿದ. “ನಿನ್ ಮಂಡಿದು ಆಸ್ಪತ್ರೆ ಸ್ಕ್ಯಾನ್ ಇತ್ತಲ್ಲ, ಅದನ್ನ ಟೇಬಲ್ ಮೇಲೆ ಹರವ್ಕಂಡು ಯಜಮಾನ್ರೂ ಮೊರೊಹೋಶಿನೂ ಕೂತಿದ್ರು. ನಾನು ಚಹಾ ಕೊಡಕ್ಕೋಗಿದ್ದೆ. ಬಾಯಿ ಬಿಟ್ರೆ ನನ್ ಪೆಟ್ಗೆ ಆಚೆ ಬೀಳ್ತಿತ್ತು. ಹೇಡಿ ಕಣಪ್ಪ ನಾನು.”

ಫೆಲೇತಿಗೆ ಸಿಟ್ಟು ಬರಲಿಲ್ಲ. ತಿಂಗಳುಗಟ್ಟಲೆ ಹೊತ್ತು ತಿರುಗಿದ ಅನುಮಾನ ಇಳಿದು ಹೋಗಿ ಮೈ ಹಗುರವಾಯಿತು. ಸ್ಟೂಲಿನಿಂದ ಇಳಿದು ಅತ್ತೆಯ ಮುಂದೆ ನೆಲದ ಮೇಲೆ ಕುಳಿತು, ತಲೆ ಬಗ್ಗಿಸಿದ.

“ಅತ್ತೆ. ನಮ್ಮಪ್ಪನ ಸಾವಿಗೆ.”

ಅವಳು ಚೀಲದಿಂದ ಕತ್ತರಿ ತೆಗೆದಳು. ಗೆನ್ ತಾತ ಹೌಹಾರಿ, “ಏ ಏ, ಬ್ಯಾಡಮ್ಮ! ಹೆಂಗ್ಸು ಮುಟ್ಟಂಗಿಲ್ಲ, ಕೊನೇ ಕತ್ತರಿ ಯಜಮಾನ್ರುದು!” ಎಂದು ಅಡ್ಡ ಬಂದ.

“ನಾನು ಮೆಟ್ಟಿದ್ ಜಾಗಕ್ಕೆ ಉಪ್ಪೆರಚ್ದೋರು ನೀವು,” ಎಂದಳು ಅತ್ತೆ. “ಇವತ್ತು ಎಷ್ಟು ಉಪ್ಪು ತಂದಿದೀರಿ? ಎರಚಿ, ನೋಡೇಬಿಡ್ತೀನಿ.”

ಅವಳು ಜುಟ್ಟಿಗೆ ಕೈ ಹಾಕಿದಳು. ತಾತ ಒಂದು ಗಳಿಗೆ ಆ ಒರಟು ಕೈಯನ್ನೇ ನೋಡಿದ. ಆಮೇಲೆ ಬಾಚಣಿಗೆಯ ತುದಿಯಿಂದ ತೋರಿಸಿದ.

“ಗಂಟಿನ ಕೆಳಗೆ ಇಡಮ್ಮ ಕತ್ತರಿ. ಗಂಟು ಬಿಚ್ಚೋಗ್ಬಾರ್ದು.”

ಎಣ್ಣೆಮೇಣ ಹತ್ತಿದ ಕೂದಲು ಸುಲಭಕ್ಕೆ ಬಗ್ಗಲಿಲ್ಲ. ಅತ್ತೆ ನಾಲ್ಕು ಸಲ ಒತ್ತಿ ಕತ್ತರಿಸಿದಳು, ಕತ್ತರಿಸುತ್ತಾ ಸೇಮಿಸಿಯ ಹೆಸರು ಕೂಗಿ ಅತ್ತಳು. ಫೆಲೇತಿಯೂ ಅತ್ತ. ವರ್ಷಕ್ಕೂ ಮೀರಿ ತಡೆದಿಟ್ಟ ಅಳು.

ಹೆಸರು ಕೂಗಿದರು. ಬೆಳಕು ಬಾಗಿಲಿಗೆ ಬಿತ್ತು, ತಮಟೆಯಂಥ ಸಂಗೀತ ಶುರುವಾಯಿತು. ಮೊದಲು ಹೊರಬಂದದ್ದು ಸೊಂಟಕ್ಕೆ ಹರಕು ಚಾಪೆ ಕಟ್ಟಿದ ದಪ್ಪನೆಯ ಹೆಂಗಸು. ಅವಳ ಹಿಂದೆ ಅಡ್ಡಾದಿಡ್ಡಿ ಕತ್ತರಿಸಿದ ತಲೆಯ ಫೆಲೇತಿ. ಜನ ಕೂಗಲು ಬಾಯಿ ತೆರೆದವರು ಹಾಗೇ ನಿಂತರು. ಯಾರೋ ಒಬ್ಬ, “ಜುಟ್ಟೆಲ್ಲೋ?” ಎಂದು ಅರಚಿದ. ಮೊರೊಹೋಶಿ ಕ್ಯಾಮೆರಾದವನ ಕಡೆ ಕೈ ಬೀಸುತ್ತಾ ಓಡಿದ.

ಮುಂದಿನ ಸಾಲಿನಲ್ಲಿ ಶಿರಾಮಿನೆ ಯಜಮಾನ ಕುಳಿತಿದ್ದ, ತೊಡೆಯ ಮೇಲೆ ರೇಷ್ಮೆ ಹೊದಿಸಿದ ಕತ್ತರಿಯ ಪೆಟ್ಟಿಗೆ. ಅತ್ತೆ ನೇರ ಅವನ ಮುಂದೆ ಹೋಗಿ ನಿಂತಳು. ಗಂಟು ಬಿಚ್ಚದ ಜುಟ್ಟನ್ನು ಪೆಟ್ಟಿಗೆಯ ಮೇಲಿಟ್ಟಳು.

“ತಗಳಿ, ನಿಮ್ಮ ಸಾಮಾನು. ಹುಡ್ಗನ್ನ ನಾವು ಇಟ್ಕತೀವಿ.”

ಯಜಮಾನ ಎದ್ದು ನಿಂತ. ಜುಟ್ಟು ನೆಲಕ್ಕೆ ಬಿತ್ತು. “ಥೂ, ಉಂಡ ಮನೆಗೆ ಎರಡು ಬಗೆಯೋ ನಾಯಿ! ಪರದೇಶಿ ಸೂಳೆಮಗ್ನೆ, ನಾಳೆಯಿಂದ ಈ ದೇಶದಲ್ಲಿ ಹೆಂಗಿರ್ತೀಯ ನೋಡ್ತೀನಿ ಕಣ್ಲಾ!” ಎಂದು ಕಿರುಚಿದ. ಟೀವಿಯಲ್ಲಿ ಅದೂ ನೇರ ಪ್ರಸಾರವಾಯಿತು.

ಫೆಲೇತಿ ತಿರುಗಿ ನೋಡಲಿಲ್ಲ. ಬೋನಿನ ಬಾಗಿಲು ಹಿಂದಿನಿಂದ ಮುಚ್ಚಿತು. ಆಚೆ ಮೂಲೆಯಲ್ಲಿ ಜಾಂಡಿರ್ ಕುಣಿಯುತ್ತಾ ನಿಂತಿದ್ದ, ಕಣ್ಣು ಎಡಮಂಡಿಯ ಮೇಲೆ.

ಫೆಲೇತಿ ಬಗ್ಗಿ ಬಲಮಂಡಿಯ ಪಟ್ಟಿ ಬಿಚ್ಚತೊಡಗಿದ. ಮಾರುದ್ದದ ಬಟ್ಟೆ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿತು. ಅದನ್ನು ಉಂಡೆ ಮಾಡಿ ಬೋನಿನ ಮೇಲಿಂದ ಆಚೆ, ಯಜಮಾನನ ಕಡೆಗೆ ಎಸೆದ. ಆಮೇಲೆ ನೆಟ್ಟಗೆ ನಿಂತು, ನೋಯುವ ಎಡಮಂಡಿಗೆ ಅಂಗೈಯಿಂದ ಸಭಾಂಗಣವೆಲ್ಲ ಕೇಳುವಂತೆ ಎರಡೇಟು ಬಡಿದ.

“ಇದೇ ಕಾಲು ಕಣೋ,” ಎಂದ. “ಬಾ.”

ಗಂಟೆ ಹೊಡೆಯಿತು.